ಮೊದಲ ದಿನವೇ ಆರಂಭವಾಗಬೇಕಾದ ವರದಿ

‘ನಿಮಗ ಯಾವ ಲೆಕ್ಕ ಬೇಕ್ರಿ ಸರ, ಅವರಿಗೆ ಕೊಟ್ಟದ್ದೋ, ನಂದೋ?’ ಎಂದು ಆ ಮುಖ್ಯೋಪಾಧ್ಯಾಯರು ಕೇಳಿದಾಗ ನಮಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದು ಉತ್ತರ ಕರ್ನಾಟಕದ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ದಾನಿಗಳ ಹಣದಲ್ಲಿ ಅಲ್ಲಿ ಎರಡು ವರ್ಷ ನಡೆದಿದ್ದ ಓದುವ ಕಾರ್ಯಕ್ರಮವೊಂದು ಫಲ ಕೊಟ್ಟಿತೇ ಎಂದು ನೋಡಿ ವರದಿ ಬರೆಯಲು ನಾವು ಮೂವರು ಹೋಗಿದ್ದೆವು. ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಒಂದು, ಕಾರ್ಯಕ್ರಮ ನಡೆಸಿದ ಸಂಸ್ಥೆಯ ನಮೂನೆಯಲ್ಲಿ ತುಂಬಿದ್ದು. ಅದರ ಪ್ರಕಾರ ಐದನೇ ತರಗತಿಯ ಮಕ್ಕಳೆಲ್ಲರೂ ಸರಾಗವಾಗಿ ಓದುತ್ತಿದ್ದರು. ಇನ್ನೊಂದು, ಅವರು ತಮಗಾಗಿ ಇಟ್ಟುಕೊಂಡಿದ್ದ ಇನ್ನೂರು ಪುಟದ ನೋಟ್‌ಬುಕ್. ಯಾವ ಹುಡುಗ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ, ಯಾವ ಹುಡುಗಿ ದೀಪಾವಳಿಯ ನಂತರ ತಂದೆತಾಯಿಗಳೊಂದಿಗೆ ಗುಳೆ ಹೋಗಿ ಯುಗಾದಿಗೆ ಮರಳಿದಳು ಎಂಬುದೆಲ್ಲ ಅದರಲ್ಲಿತ್ತು.

ನಮಗೆ ಬೇಕಾದದ್ದು ಎರಡನೆಯ ಪುಸ್ತಕವೇ. ಆದರೆ ಅದೂ ಆರಂಭವಾದದ್ದು ಕಾರ್ಯಕ್ರಮ ಶುರುವಾಗಿ ಏಳೆಂಟು ತಿಂಗಳ ಮೇಲೆ. ಅದಕ್ಕೂ ಮುಂಚೆ ಆ ಮಕ್ಕಳು ಎಷ್ಟು ಓದುತ್ತಿದ್ದರು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡಿ ಎಂದು ಯಾರೂ ಅವರಿಗೆ ಹೇಳಿಯೂ ಇರಲಿಲ್ಲ. ಎಲ್ಲಿಂದ ಹೊರಟೆವು ಎಂಬುದೇ ತಿಳಿಯದಿರುವಾಗ ಎಷ್ಟು ದೂರ ಬಂದೆವು ಎಂದು ಹೇಳುವುದು ಹೇಗೆ?

ಮೌಲ್ಯಮಾಪನ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಕಟ್ಟು ಮತ್ತು ಅದನ್ನು ತಿದ್ದುವ ಕೇಂದ್ರಗಳು. ಪರೀಕ್ಷೆ ಮುಗಿದ ಮೇಲೆ ನಡೆಯುವ ಕ್ರಿಯೆ ಅದು. ಶಾಲಾ ಕಾರ್ಯಕ್ರಮಗಳ ಮೌಲ್ಯಮಾಪನವನ್ನೂ ನಾವು ಅದೇ ಅರ್ಥದಲ್ಲಿ ಗ್ರಹಿಸಿರುವುದು ಕನ್ನಡ ಪದವೊಂದರ ದೌರ್ಭಾಗ್ಯವೋ ಏನೋ. ಎಲ್ಲ ಮುಗಿದ ಮೇಲೆ ಯಾರನ್ನಾದರೂ ಕರೆಸಿ ಅಂಕ ಹಾಕಿಸುವುದು! ಹೀಗೆ ಸಿದ್ಧವಾದ ವರದಿಗಳನ್ನು ತೆರೆದು ನೋಡಿ: ಎಷ್ಟು ಕಿಟ್ ಹಂಚಲಾಯಿತು, ಎಷ್ಟು ಶಿಕ್ಷಕರಿಗೆ ತರಬೇತಿ ನೀಡಲಾಯಿತು, ಎಷ್ಟು ಶಾಲೆಗಳಲ್ಲಿ ಗೋಡೆಗೆ ಬಣ್ಣ ಬಳಿಯಲಾಯಿತು ಎಂಬ ಪಟ್ಟಿ, ಸಮವಸ್ತ್ರ ತೊಟ್ಟ ಮಕ್ಕಳ ನಗುಮುಖದ ಛಾಯಾಚಿತ್ರ, ಕೊನೆಯಲ್ಲಿ ಕಾರ್ಯಕ್ರಮವನ್ನು ಮುಂದುವರಿಸುವುದು ಸೂಕ್ತವೆಂಬ ಶಿಫಾರಸು. ಹಂಚಿದ್ದರ ಲೆಕ್ಕ ಸಿಗುತ್ತದೆ, ಮಕ್ಕಳಲ್ಲಿ ಆದ ಬದಲಾವಣೆಯ ಲೆಕ್ಕ ಸಿಗುವುದಿಲ್ಲ. ಹಣ ಬಳಕೆಯ ಪ್ರಮಾಣಪತ್ರವೇ ಸ್ವಲ್ಪ ಉದ್ದವಾಗಿ ಬೆಳೆದು ವರದಿ ಎನಿಸಿಕೊಂಡಿರುತ್ತದೆ.

ಕಾನೂನು ಕೂಡ ಈ ಅಭ್ಯಾಸಕ್ಕೆ ಪೂರಕವಾಗಿದೆ. 2013ರ ಕಂಪನಿ ಕಾಯ್ದೆಯು ನಿರ್ದಿಷ್ಟ ಗಾತ್ರದ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆಂದು ವಿಧಿಸಿತು. ಆ ಹಣದ ದೊಡ್ಡ ಪಾಲು ಶಿಕ್ಷಣಕ್ಕೇ ಹರಿಯುತ್ತಿದೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳು, ಮೂರು ವರ್ಷಗಳ ಸರಾಸರಿಯಲ್ಲಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಹೊಣೆಗಾರಿಕೆಯುಳ್ಳ ಕಂಪನಿಗಳು ತಮ್ಮ 1 ಕೋಟಿ ರೂಪಾಯಿ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಬೇಕೆಂದು ಕಡ್ಡಾಯ ಮಾಡಿದವು. ಒಳ್ಳೆಯದೇ. ಆದರೆ ಈ ಷರತ್ತು ಅನ್ವಯವಾಗುವುದು ಯೋಜನೆ ಮುಗಿದು ಕನಿಷ್ಠ ಒಂದು ವರ್ಷವಾದ ಮೇಲೆ. ಯೋಜನೆಗೆ ಮೊದಲು ಸ್ಥಿತಿ ಹೇಗಿತ್ತು ಎಂಬುದನ್ನು ದಾಖಲಿಸಬೇಕೆಂದು ಆ ನಿಯಮ ಎಲ್ಲಿಯೂ ಕೇಳುವುದಿಲ್ಲ. ಹಾಗಾಗಿ ಬೆಂಗಳೂರಿನ ಕಚೇರಿಯಿಂದ ಹೊರಟ ತಂಡ ಶಾಲೆ ತಲುಪುವ ಹೊತ್ತಿಗೆ ಆ ಮಕ್ಕಳು ಹೈಸ್ಕೂಲು ಸೇರಿರುತ್ತಾರೆ, ಶಿಕ್ಷಕರು ವರ್ಗವಾಗಿರುತ್ತಾರೆ. ಉಳಿದವರನ್ನು ಕೂರಿಸಿಕೊಂಡು ‘ಕಾರ್ಯಕ್ರಮ ಉಪಯುಕ್ತವಾಗಿತ್ತೇ?’ ಎಂದು ಕೇಳಿದರೆ, ಪುಕ್ಕಟೆ ಕೊಟ್ಟದ್ದನ್ನು ಉಪಯುಕ್ತವಲ್ಲವೆಂದು ಯಾರು ತಾನೇ ಹೇಳಿಯಾರು?

ವರದಿಯ ಮೊದಲ ಅಧ್ಯಾಯ ಕಾರ್ಯಕ್ರಮದ ಮೊದಲ ದಿನಕ್ಕೂ ಮುಂಚೆ ಬರೆದಿರಬೇಕು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಕೆಲವು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದೊಂದಿಗೆ ಬೇಯಿಸಿದ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ನೀಡಲು ಆರಂಭಿಸಿತು. ಕೆಲವು ಮಠಾಧೀಶರು ಬೀದಿಗಿಳಿಯುವ ಎಚ್ಚರಿಕೆ ನೀಡಿದರು. ಮಕ್ಕಳು ಮೊಟ್ಟೆ ಬೇಕೆಂದರು. ಆಹಾರದ ಹಕ್ಕಿನ ಪರವಾಗಿ ಮೆರವಣಿಗೆಗಳು ನಡೆದವು. ಎರಡೂ ಕಡೆಯವರ ಬಳಿ ನಂಬಿಕೆ ಇತ್ತು, ಅಂಕಿ ಇರಲಿಲ್ಲ.

ಅಂಕಿ ಬಂದದ್ದು ಗದಗದ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನದಿಂದ. ಮೊಟ್ಟೆ ದೊರೆಯುತ್ತಿದ್ದ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ, ಆಗ ಇನ್ನೂ ದೊರೆಯದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ, ಅಳೆದು, ಕೆಲಕಾಲದ ನಂತರ ಮತ್ತೆ ಅಳೆದು ಹೋಲಿಸಲಾಯಿತು. ಮೊಟ್ಟೆ ತಿಂದ ಕಡೆಯ ಮಕ್ಕಳ ತೂಕದ ಗಳಿಕೆ ಹೆಚ್ಚೆಂದು 2022ರಲ್ಲಿ ವರದಿಯಾಯಿತು, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಅದೇ ವರ್ಷ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಣೆಗೊಂಡಿತು. 2024ರ ಸೆಪ್ಟೆಂಬರ್‌ನಿಂದ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ, ವಾರದ ಆರೂ ದಿನಕ್ಕೆ ಅದು ವ್ಯಾಪಿಸಿತು. ವಿಸ್ತರಣೆಗೆ ಆ ಒಂದು ವರದಿಯೇ ಕಾರಣ ಎಂದು ಹೇಳಲಾರೆ. ರಾಜಕಾರಣಕ್ಕೆ ತನ್ನದೇ ಲೆಕ್ಕಾಚಾರಗಳಿರುತ್ತವೆ. ಆದರೆ ಮಾತಿನ ಜಗಳದ ನಡುವೆ ತಕ್ಕಡಿಯೊಂದನ್ನು ತಂದಿಟ್ಟದ್ದು ಸಣ್ಣ ಸಂಗತಿಯಲ್ಲ. ಗದಗದ ಮಕ್ಕಳಿಗೂ ಮೊದಲ ದಿನದಿಂದಲೇ ಮೊಟ್ಟೆ ಸಿಕ್ಕಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ. ಹಂತಹಂತವಾಗಿ ಜಾರಿಯಾದ ಯೋಜನೆಯ ಆ ಸಣ್ಣ ಕಿಂಡಿಯನ್ನು ಯಾರೋ ಸಕಾಲದಲ್ಲಿ ಗುರುತಿಸಿದರು.

ಇಷ್ಟು ಹೇಳಿದ ಮೇಲೆ ಆ ಹೋಲಿಕೆಯ ಮಿತಿಗಳನ್ನೂ ಹೇಳಬೇಕು. ಯಾದಗಿರಿಯೂ ಗದಗವೂ ಒಂದೇ ತೆರನ ಜಿಲ್ಲೆಗಳಲ್ಲ. ಮಾನವ ಅಭಿವೃದ್ಧಿಯ ಸೂಚ್ಯಂಕಗಳಲ್ಲಿ ಯಾದಗಿರಿ ರಾಜ್ಯದ ಕೊನೆಯ ಸಾಲಿನಲ್ಲಿರುವ ಜಿಲ್ಲೆ. ತೀರಾ ಸೊರಗಿದ ಮಗು ಸ್ವಲ್ಪ ಪೋಷಣೆ ಸಿಕ್ಕರೂ ಬೇಗ ಚೇತರಿಸಿಕೊಳ್ಳಬಹುದು. ಆಗ ವ್ಯತ್ಯಾಸದಲ್ಲಿ ಮೊಟ್ಟೆಯ ಪಾಲೆಷ್ಟು, ಆರಂಭದ ಸ್ಥಿತಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಕೆಲವೇ ತಿಂಗಳ ತೂಕ ಇಡೀ ಬಾಲ್ಯದ ಆರೋಗ್ಯವನ್ನು ಹೇಳುವುದೂ ಇಲ್ಲ. ಇನ್ನು ಮೊಟ್ಟೆಯೊಂದಕ್ಕೆ ನಿಗದಿಯಾಗಿದ್ದ 6 ರೂಪಾಯಿಯಲ್ಲಿ ಖರೀದಿ, ಸಾಗಣೆ, ಬೇಯಿಸುವ ಇಂಧನ ಎಲ್ಲವೂ ಆಗಬೇಕಿತ್ತು. ಮಾರುಕಟ್ಟೆಯಲ್ಲಿ ದರ ಏರಿದಾಗ ಮುಖ್ಯೋಪಾಧ್ಯಾಯರು ಕೈಯಿಂದ ಹಣ ಹಾಕಬೇಕಾಯಿತೆಂಬ ದೂರುಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದವು. ತಕ್ಕಡಿಗೆ ಇದು ಕಾಣುವುದಿಲ್ಲ. ಮೊಟ್ಟೆ ಮಗುವಿಗೆ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಮೊಟ್ಟೆ ಮಗುವಿನ ತಟ್ಟೆಗೆ ಪ್ರತಿದಿನ ತಲುಪುತ್ತಿದೆಯೇ ಎಂಬುದು ಇನ್ನೊಂದು. ಎರಡನ್ನೂ ಕೇಳದ ವರದಿ ಅರ್ಧ ವರದಿ.

ಎಲ್ಲರಿಗೂ ಒಟ್ಟಿಗೇ ಕೊಟ್ಟುಬಿಟ್ಟರೆ ಹೋಲಿಸುವುದು ಹೇಗೆ ಎಂದು ಕೇಳಬಹುದು. ಸೈಕಲ್ ಯೋಜನೆಯ ಕಥೆ ಇಲ್ಲಿ ಪ್ರಸ್ತುತ. ಕರ್ನಾಟಕವು 2006–07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಮರುವರ್ಷ ಗಂಡುಮಕ್ಕಳಿಗೂ ನೀಡಿತು. 2006ರಲ್ಲಿಯೇ ಬಿಹಾರವೂ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಖರೀದಿಗೆ ಹಣ ನೀಡತೊಡಗಿತು. ಅಲ್ಲಿಯೂ ಯೋಜನೆ ರಾಜ್ಯಕ್ಕೆಲ್ಲ ಒಂದೇ ಏಟಿಗೆ ಬಂದದ್ದು. ಆದರೆ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರೊಂದಿಗೆ ಹೋಲಿಸಿದರು. ಆ ಅಂತರವನ್ನು, 2000ದವರೆಗೆ ಬಿಹಾರದ್ದೇ ಭಾಗವಾಗಿದ್ದ ಜಾರ್ಖಂಡ್‌ನ ಅಂತರದೊಂದಿಗೆ ತೂಗಿ ನೋಡಿದರು. ಹುಡುಗಿಯರ ಪ್ರೌಢಶಾಲಾ ದಾಖಲಾತಿ ಶೇ 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ಅಂಕಿಗಳಲ್ಲ, ಅವರು ಕೇಳಿದ ಮುಂದಿನ ಪ್ರಶ್ನೆ. ಇದು ನಿಜಕ್ಕೂ ಸೈಕಲ್ಲಿನ ಫಲವೇ ಆಗಿದ್ದರೆ, ಶಾಲೆ ದೂರವಿರುವ ಹಳ್ಳಿಗಳಲ್ಲಿಯೇ ಪರಿಣಾಮ ಹೆಚ್ಚು ಕಾಣಬೇಕಲ್ಲವೇ? ಹಾಗೆಯೇ ಕಂಡಿತು: ಪ್ರೌಢಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಏರಿಕೆ ಎದ್ದು ತೋರಿತು.

ನಮ್ಮಲ್ಲಿ ಎರಡನೇ ವರ್ಷಕ್ಕೇ ಹುಡುಗರಿಗೂ ಸೈಕಲ್ ಸಿಕ್ಕಿದ್ದರಿಂದ ಇಂಥ ಹೋಲಿಕೆಯ ದಾರಿ ಕಿರಿದಾಯಿತು. ಹುಡುಗರಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಒಂದು ಆದೇಶಕ್ಕೆ ಸಹಿ ಹಾಕುವಾಗ ಅದರ ಫಲವನ್ನು ಮುಂದೆ ಅರಿಯುವ ದಾರಿಯೊಂದು ಮುಚ್ಚಿಹೋಗುತ್ತಿದೆ ಎಂದು ಯಾರಾದರೂ ಕಡತದಲ್ಲಿ ಒಂದು ಸಾಲು ಬರೆದಿರಬಹುದೇ ಎಂಬ ಕುತೂಹಲವಷ್ಟೆ. 2020ರ ಹೊತ್ತಿಗೆ ಸೈಕಲ್ ವಿತರಣೆ ನಿಂತುಹೋದಾಗ, ನಿಲ್ಲಿಸಬಾರದೆಂದವರ ಕೈಯಲ್ಲಿ ಬಿಹಾರದ ಅಂಕಿಗಳಿದ್ದಷ್ಟು ಸುಲಭವಾಗಿ ಕರ್ನಾಟಕದ ಅಂಕಿಗಳಿರಲಿಲ್ಲ.

ಇನ್ನು ಏನನ್ನು ಅಳೆಯಬೇಕು ಎಂಬ ಪ್ರಶ್ನೆ. ಇದು ಹೊರನೋಟಕ್ಕೆ ಸುಲಭ. ಬಿಸಿಯೂಟವನ್ನೇ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ನೀಡಿದ ಆದೇಶದ ನಂತರ 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಅದರ ಉದ್ದೇಶ ಹಸಿವು ನೀಗುವುದೇ, ಹಾಜರಾತಿ ಹೆಚ್ಚಿಸುವುದೇ, ಕಲಿಕೆ ಸುಧಾರಿಸುವುದೇ, ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವುದೇ? ನಾಲ್ಕೂ ಹೌದು. ಆದರೆ ಗಣಿತದ ಅಂಕ ಏರಲಿಲ್ಲವೆಂಬ ಕಾರಣಕ್ಕೆ ಅನ್ನವನ್ನು ವಿಫಲವೆಂದು ಘೋಷಿಸುವ ವರದಿ ಎಷ್ಟು ಅಸಂಬದ್ಧವೋ, ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತರು, ಯಾವ ಅಡುಗೆಯವರು ಮಾಡಿದ ಊಟವನ್ನು ಯಾರು ಬಿಟ್ಟೆದ್ದರು ಎಂಬುದನ್ನು ನೋಡದೆ ಬರಿಯ ಕ್ಯಾಲೊರಿ ಎಣಿಸುವ ವರದಿಯೂ ಅಷ್ಟೇ ಅಸಂಬದ್ಧ. ಪ್ರಶ್ನೆಯನ್ನು ಮೊದಲೇ ಬರೆದಿಡದಿದ್ದರೆ, ಕೊನೆಗೆ ಯಾವ ಅಂಕಿ ಚೆನ್ನಾಗಿ ಬಂದಿದೆಯೋ ಅದೇ ಉದ್ದೇಶವಾಗಿತ್ತೆಂದು ಹೇಳಿಕೊಳ್ಳುವುದು ತೀರಾ ಸುಲಭ. ಬಾಣ ಬಿಟ್ಟ ಮೇಲೆ ಗುರಿಯ ವೃತ್ತ ಎಳೆಯುವುದು ಎಂದರೆ ಇದೇ.

ಸರಾಸರಿ ಎಂಬ ಪದವೂ ಮೋಸ ಮಾಡುತ್ತದೆ. ಕೀನ್ಯಾದ ಗ್ರಾಮೀಣ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು ಪರಿಣಾಮ ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೊಂದಿಗೆ ನೊಬೆಲ್ ಹಂಚಿಕೊಂಡವರು. ಪುಸ್ತಕ ಕೊಟ್ಟರೆ ಅಂಕ ಏರುತ್ತದೆಂಬ ಎಲ್ಲರ ನಿರೀಕ್ಷೆ ಸುಳ್ಳಾಯಿತು. ಸರಾಸರಿ ಏರಲೇ ಇಲ್ಲ. ಮಕ್ಕಳನ್ನು ಅವರ ಹಿಂದಿನ ಅಂಕಗಳ ಪ್ರಕಾರ ವಿಂಗಡಿಸಿ ನೋಡಿದಾಗ, ಮೊದಲೇ ಮುಂದಿದ್ದವರಿಗೆ ಮಾತ್ರ ಲಾಭವಾಗಿತ್ತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಅನೇಕ ಮಕ್ಕಳಿಗೆ ಅದು ಮನೆಮಾತೂ ಅಲ್ಲ, ಎರಡನೆಯ ಭಾಷೆಯೂ ಅಲ್ಲ, ಮೂರನೆಯದು. ಪುಸ್ತಕವನ್ನು ಓದಲಾರದವರಿಗೆ ಪುಸ್ತಕ ಸಿಕ್ಕಿತ್ತು. ಸರ್ಕಾರಿ ಶಾಲೆಗಳಲ್ಲಿಯೂ ಆಂಗ್ಲ ಮಾಧ್ಯಮ ವಿಭಾಗಗಳನ್ನು ತೆರೆಯುತ್ತಿರುವ ನಮಗೆ ಈ ವಿಂಗಡಣೆಯ ಪಾಠ ದೂರದ್ದಲ್ಲ.

ನಮ್ಮ ನೆಲದಲ್ಲಿ ಸರಾಸರಿಯನ್ನು ಕೆಡಿಸುವ ಇನ್ನೊಂದು ಸಂಗತಿ ಗುಳೆ. ಯಾದಗಿರಿ, ರಾಯಚೂರು ಜಿಲ್ಲೆಗಳ ಎಷ್ಟೋ ಕುಟುಂಬಗಳು ಮುಂಗಾರಿನ ಬೆಳೆ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕಾಮಗಾರಿಗಳತ್ತ ಹೊರಡುತ್ತವೆ. ಜೂನ್ ತಿಂಗಳಲ್ಲಿ ಆರಂಭದ ಪರೀಕ್ಷೆ ಮಾಡಿ ಫೆಬ್ರುವರಿಯಲ್ಲಿ ಅಂತಿಮ ಪರೀಕ್ಷೆ ಇಟ್ಟರೆ, ಹಿಂದುಳಿದ ಮಕ್ಕಳಲ್ಲಿ ಅನೇಕರು ಅಂದು ಗೈರು. ಇದ್ದವರ ಸರಾಸರಿ ತಾನಾಗಿಯೇ ಏರುತ್ತದೆ. ಯಾವ ಮಗುವೂ ಒಂದಕ್ಷರ ಹೆಚ್ಚು ಕಲಿಯದೆಯೇ ಕಾರ್ಯಕ್ರಮ ಯಶಸ್ವಿ! ಆದ್ದರಿಂದ ಪರೀಕ್ಷೆಯ ದಿನಾಂಕವನ್ನು ನಿಶ್ಚಯಿಸುವ ಮುನ್ನ ಊರಿನ ಸುಗ್ಗಿ, ಜಾತ್ರೆಗಳನ್ನು ತಿಳಿದುಕೊಳ್ಳಬೇಕು. ಎರಡೂ ಬಾರಿ ಹಾಜರಿದ್ದ ಮಕ್ಕಳನ್ನೇ ಹೋಲಿಸಬೇಕು. ಬಿಟ್ಟುಹೋದವರು ಎಷ್ಟು ಜನ, ಅವರು ಮೊದಲ ಪರೀಕ್ಷೆಯಲ್ಲಿ ಯಾವ ಮಟ್ಟದಲ್ಲಿದ್ದರು ಎಂಬುದನ್ನು ಪ್ರತ್ಯೇಕವಾಗಿ ಬರೆಯಬೇಕು. ನಾನು ಯಾವುದೇ ವರದಿ ಕೈಗೆತ್ತಿಕೊಂಡರೂ ಮೊದಲು ಹುಡುಕುವುದು ಈ ಗೈರುಹಾಜರಿಯ ಕೋಷ್ಟಕವನ್ನು. ಅದಿಲ್ಲದಿದ್ದರೆ ಉಳಿದ ಕೋಷ್ಟಕಗಳನ್ನು ನಂಬಲು ಮನಸ್ಸಾಗುವುದಿಲ್ಲ.

ಬರವಣಿಗೆಯ ಘಟ್ಟಕ್ಕೆ ಬಂದರೆ, ಅಲ್ಲಿನ ಆಮಿಷಗಳೇ ಬೇರೆ. ಶೇಕಡಾವಾರು ಲೆಕ್ಕ ಅವುಗಳಲ್ಲಿ ಮೊದಲನೆಯದು. ಒಂದು ಕಡೆ ಮಕ್ಕಳ ತೂಕ ಒಂದು ಕಿಲೋ ಏರಿ, ಇನ್ನೊಂದು ಕಡೆ ಒಂದೂವರೆ ಕಿಲೋ ಏರಿತೆನ್ನೋಣ. ‘ತೂಕದ ಗಳಿಕೆ ಶೇ 50ರಷ್ಟು ಹೆಚ್ಚು’ ಎಂದರೂ ಸತ್ಯ, ‘ಅರ್ಧ ಕಿಲೋ ಹೆಚ್ಚು’ ಎಂದರೂ ಸತ್ಯ. ಪತ್ರಿಕೆಯ ತಲೆಬರಹಕ್ಕೆ ಮೊದಲನೆಯದು ಸಿಗುತ್ತದೆ. ಓದುಗ ಅದನ್ನು ಮಕ್ಕಳ ತೂಕವೇ ಒಂದೂವರೆ ಪಟ್ಟಾಯಿತೆಂದು ತಿಳಿಯುತ್ತಾನೆ. ಪ್ರಾಮಾಣಿಕ ವರದಿ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ.

ಎರಡನೆಯ ಆಮಿಷ ಸೌಜನ್ಯದ್ದು. ಆರಂಭದಲ್ಲಿ ಹೇಳಿದ ಓದುವ ಕಾರ್ಯಕ್ರಮದ ಕರಡು ವರದಿಯಲ್ಲಿ ನಾವು ‘ಆರಂಭಿಕ ಮಾಹಿತಿ ಇಲ್ಲದ ಕಾರಣ ಪರಿಣಾಮದ ಪ್ರಮಾಣವನ್ನು ಹೇಳಲಾಗದು’ ಎಂದು ಬರೆದಿದ್ದೆವು. ಕೆಲಸ ವಹಿಸಿದವರಿಂದ ವಿನಯಪೂರ್ವಕವಾದ ಕೋರಿಕೆ ಬಂತು: ಆ ವಾಕ್ಯವನ್ನು ಸ್ವಲ್ಪ ಮೃದುಗೊಳಿಸಬಹುದೇ? ಅದು ‘ಪರಿಣಾಮದ ಉತ್ತೇಜನಕಾರಿ ಸೂಚನೆಗಳಿವೆ’ ಎಂದಾಯಿತು. ಬದಲಾಯಿಸಿದ್ದು ಅವರಲ್ಲ, ನಾವೇ. ಮುಂದಿನ ವರ್ಷದ ಕೆಲಸವೂ ಅವರಿಂದಲೇ ಬರಬೇಕಿತ್ತು. ಮೂಲ ವಾಕ್ಯವನ್ನು ಅನುಬಂಧದಲ್ಲಿ, ಯಾರೂ ತಲುಪದ ಪುಟದಲ್ಲಿ ಉಳಿಸಿಕೊಂಡು ಆತ್ಮಸಾಕ್ಷಿಗೆ ಸಮಾಧಾನ ಹೇಳಿಕೊಂಡೆವು. ಆ ಉತ್ತೇಜನಕಾರಿ ಸೂಚನೆಗಳ ಬಲದ ಮೇಲೆ ಅದೇ ಕಾರ್ಯಕ್ರಮ ಇನ್ನಷ್ಟು ಶಾಲೆಗಳಿಗೆ ಹೋಯಿತು, ಈ ಸಲವೂ ಆರಂಭಿಕ ಸಮೀಕ್ಷೆ ಇಲ್ಲದೆ. ಹಣ ಕೊಡುವವರೇ ಅಳೆಯುವವರನ್ನೂ ನೇಮಿಸಿಕೊಳ್ಳುವ ವ್ಯವಸ್ಥೆಯಲ್ಲಿ ಇದು ನಮ್ಮೊಬ್ಬರ ಅನುಭವವಾಗಿರಲಾರದು. ಸರ್ಕಾರಿ ಯೋಜನೆಗಳ ಮಟ್ಟಿಗೆ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವನ್ನು ರಚಿಸಿದ್ದು, ಯೋಜನೆ ನಡೆಸುವ ಇಲಾಖೆಗೂ ಅಳೆಯುವವರಿಗೂ ನಡುವೆ ಸ್ವಲ್ಪ ಅಂತರ ಇರಲೆಂದೇ. ಪ್ರಾಧಿಕಾರದ ವರದಿಗಳು ಸಾರ್ವಜನಿಕರಿಗೂ ಲಭ್ಯ. ಖಾಸಗಿ ಹಣದ ಶಾಲಾ ಕಾರ್ಯಕ್ರಮಗಳಿಗೆ ಅಂಥ ಅಂತರವೂ ಇಲ್ಲ.

ಶಿಫಾರಸುಗಳ ಅಧ್ಯಾಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಶಿಕ್ಷಕರ ತರಬೇತಿಯನ್ನು ಬಲಪಡಿಸಬೇಕು’, ‘ಸಮುದಾಯದ ಸಹಭಾಗಿತ್ವ ಹೆಚ್ಚಿಸಬೇಕು’ ಎಂಬ ಸಾಲುಗಳನ್ನು ಯಾವ ಶಾಲೆಗೂ ಹೋಗದೆ ಬರೆಯಬಹುದು. ಯಾರು, ಎಂದಿನೊಳಗೆ, ಎಷ್ಟು ಹಣದಲ್ಲಿ ಎಂಬ ಮೂರು ವಿವರಗಳಿಲ್ಲದ ಶಿಫಾರಸನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಓದಿ ಮಾಡುವುದಾದರೂ ಏನು?

ಇನ್ನು ಭಾಷೆ. ಕನ್ನಡ ಶಾಲೆಯ ಕನ್ನಡ ಓದಿನ ಕುರಿತ ವರದಿಯನ್ನು ನಾವು ಬರೆದದ್ದು ಇಂಗ್ಲಿಷಿನಲ್ಲಿ. ಹಣ ಕೊಟ್ಟವರು ಓದುವುದು ಅದನ್ನೇ. ಇಂಥ ವರದಿಗಳ ಪೈಕಿ ಬಹುಪಾಲಿನ ಗತಿ ಇದೇ. ಮಾಹಿತಿ ಕೊಟ್ಟ ಶಿಕ್ಷಕರಿಗೆ, ಪ್ರಶ್ನೆಗಳಿಗೆ ಉತ್ತರಿಸಿದ ಎಸ್‌ಡಿಎಂಸಿ ಸದಸ್ಯರಿಗೆ ತಮ್ಮ ಶಾಲೆಯ ಬಗ್ಗೆ ಏನು ಬರೆಯಲಾಗಿದೆ ಎಂಬುದು ಗೊತ್ತಾಗುವುದೇ ಇಲ್ಲ. ಮಾಹಿತಿ ಸಂಗ್ರಹಿಸುವವರು ಬರುತ್ತಾರೆ, ಕೇಳುತ್ತಾರೆ, ಜೀಪು ಹತ್ತುತ್ತಾರೆ. ಮುಂದಿನ ಸಲ ಮತ್ತೊಬ್ಬರು ಬಂದಾಗ ಮುಖ್ಯೋಪಾಧ್ಯಾಯರು ಎರಡು ಪುಸ್ತಕ ಇಟ್ಟುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ತೋರಿಸಲೆಂದು ಬರೆದ ಅಂಕಿ ತೋರಿಸಲಷ್ಟೇ ಯೋಗ್ಯವಾಗಿರುತ್ತದೆ.

ವರದಿ ಸಲ್ಲಿಸಿ ಕೆಲವು ತಿಂಗಳಾದ ಮೇಲೆ, ಬೇರೆ ಕೆಲಸದ ಮೇಲೆ ಆ ಕಡೆ ಹೋಗುವ ಸಂದರ್ಭ ಬಂತು. ಆ ಶಾಲೆಗೆ ಸಂಬಂಧಿಸಿದ ಭಾಗವನ್ನು ಎರಡು ಪುಟದ ಕನ್ನಡ ಟಿಪ್ಪಣಿಯಾಗಿ ಬರೆದುಕೊಂಡು ಹೋಗಿದ್ದೆ. ಅನುಬಂಧದಲ್ಲಿ ಅಡಗಿಸಿದ್ದ ವಾಕ್ಯವನ್ನು ಇದರಲ್ಲಿ ಮೊದಲ ಸಾಲಾಗಿಸಿದ್ದೆ. ಮುಖ್ಯೋಪಾಧ್ಯಾಯರು ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ಉತ್ತರ ಪತ್ರಿಕೆ ತಿದ್ದುವವರಂತೆ ಓದಿದರು. ಎರಡನೇ ಪುಟದಲ್ಲಿ ಪೆನ್ನು ನಿಂತಿತು.

‘ಇಲ್ಲಿ ಹನ್ನೊಂದು ಮಕ್ಕಳು ಗೈರು ಅಂತ ಬರದೀರಿ. ಇದರಾಗ ನಾಲ್ಕು ಮಂದಿ ಗೈರು ಅಲ್ರಿ ಸರ, ಟಿ.ಸಿ. ತಗೊಂಡು ಹ್ವಾದವರು. ಆ ಟೈಮಿಗೆ ರಿಜಿಸ್ಟರ್‌ನಾಗ ಹೆಸರು ತಗದಿರಲಿಲ್ಲ, ಅಷ್ಟ.’

ಅವರು ಬೀರು ತೆಗೆದು ಆ ಇನ್ನೂರು ಪುಟದ ನೋಟ್‌ಬುಕ್ ತಂದರು. ನಾಲ್ವರ ಹೆಸರಿನ ಮುಂದೆಯೂ ದಿನಾಂಕಗಳಿದ್ದವು. ನಾನು ಟಿಪ್ಪಣಿಯಲ್ಲಿ ಹನ್ನೊಂದನ್ನು ಹೊಡೆದುಹಾಕಿ ಏಳು ಎಂದು ಬರೆದೆ. ಇಂಗ್ಲಿಷ್ ವರದಿಯಲ್ಲಿ ಅದು ಇಂದಿಗೂ ಹನ್ನೊಂದೇ ಆಗಿದೆ.